ಸಿಂಧೂರ ಮೆತ್ತಿದ ನಳ

ಸುರಪುರ
6 ಆಗಸ್ಟ್ 1956

ಅಣ್ಣ ಅಂಬ್ರಪ್ಪನಿಗೆ ತಂಗಿ ಮೋನಮ್ಮನ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಸಿಟ್ಟು ಓದು.

ನಮ್ಮ ಕೇರಿಗೆ ನಳ ಬಂತೆಂದು ಹೋದ ಸಲ ಕುಣಿದು ಕುಪ್ಪಳಿಸಿ ಬರೆದಿದ್ದೆನಲ್ಲ, ಆ ಕಾಗದ ಇನ್ನೂ ಇದ್ದರೆ ಹರಿದು ಒಲೆಗೆ ಹಾಕು. ಗುತ್ತೇದಾರನ ಮಿಸ್ತ್ರಿ ಕೇರಿಯೊಳಗೆ ಕಾಲಿಡಲಿಲ್ಲ. ಬೇವಿನ ಮರದ ಕೆಳಗೆ ನಿಂತು, "ತಿರುವ್ರೋ, ಇನ್ನೊಂದೀಟು ತಿರುವ್ರೋ, ಸಾಕು ಬಿಡ್ರೋ" ಎಂದು ಕೂಗುತ್ತ ನಮ್ಮ ಗಂಡಸರ ಕೈಯಿಂದಲೇ ಪೈಪು ಕೂಡಿಸಿ ಹೊರಟುಹೋದ. ಈಗ ನೆಲದ ಪೈಪಿಗೂ ನಿಂತ ಪೈಪಿಗೂ ಕೂಡುವ ಜಾಗದಲ್ಲಿ ನೀರು ಚಿಮ್ಮುತ್ತದೆ. ಮೇಲೆ ನಳದ ಬಾಯಲ್ಲಿ ನೂಲಿನೆಳೆಯಷ್ಟೂ ಬರುವುದಿಲ್ಲ. ಕೆಸರಿನಲ್ಲಿ ಕೋಳಿಗಳು ಹಬ್ಬ ಮಾಡುತ್ತಿವೆ, ನಾವು ಖಾಲಿ ಕೊಡ ಹಿಡಿದು ನೋಡುತ್ತೇವೆ.

ಅದಾದರೂ ಸಹಿಸಬಹುದಿತ್ತು. ಊರ ಬಾವಿಯ ಕಥೆ ನಿನಗೆ ಗೊತ್ತೇ ಇದೆ. ಕೊಡ ಕೆಳಗಿಟ್ಟು ದೂರ ನಿಂತು, ಪುಣ್ಯಾತ್ಮರು ಯಾರಾದರೂ ಮೇಲಿನಿಂದ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಅಸ್ಪೃಶ್ಯತೆ ಕೂಡದೆಂದು ಕಾನೂನು ಬಂದಿದೆಯಂತೆ, ಬಾವಿಯ ತನಕ ಬಂದಿಲ್ಲ. ಈಗ ಊರವರು ಅದನ್ನೂ ನಿಲ್ಲಿಸಿದ್ದಾರೆ. "ನಿಮಗ ನಳ ಹಾಕ್ಯಾರಲ್ಲ, ಅಲ್ಲೇ ಹೋಗ್ರಿ" ಅನ್ನುತ್ತಾರೆ. ಅಂದರೆ ನಳ ಬಂದದ್ದರಿಂದ ನಮಗೆ ಇದ್ದ ನೀರೂ ಹೋಯಿತು.

ಊರಿನ ನಳಗಳ ಉಸ್ತುವಾರಿ ನೋಡುವ ದಾರೋಗಾನ ಹತ್ತಿರ ಹೋಗಿದ್ದೆ. ಅವನೆಂದ: "ನೋಡ್ರಿ ಟೀಚರಮ್ಮ, ನವೆಂಬರ್ ಪಯಲಾ ತಾರೀಖಿಗೆ ನಮ್ಮ ಹೈದರಾಬಾದ್ ಸರ್ಕಾರನ ಇರೂದಿಲ್ಲ. ಮೈಸೂರಿನವರಿಗೆ ಒಪ್ಪಿಸಬೇಕು. ಚಾಲೂ ಇದ್ದ ನಳ ಒಪ್ಪಿಸ್ತೀನಿ. ಸೋರೋ ನಳ ಎಲ್ಲಾ ಬಂದ್ ಮಾಡಿ ಪೈಪು ಕಿತ್ತು ಗೋದಾಮಿಗೆ ಹಾಕ್ತೀನಿ." ಮಿಸ್ತ್ರಿಯನ್ನು ಕಳಿಸಿ ಎಂದರೆ ಆಕಾಶ ನೋಡಿದ.

ನೀನು ರೈಲ್ವೆ ಫಿಟರ್. ಇಂಜಿನ್ನಿಗೆ ನೀರು ಕುಡಿಸುವವನು. ನಿನ್ನ ತಂಗಿಯ ಕೇರಿಗೆ ಒಂದು ಕೊಡ ಕುಡಿಸಲು ಒಂದು ದಿನ ಬರಲಾರೆಯಾ?

ನಾವು ಕ್ಷೇಮ.
ಮೋನಮ್ಮ

---

ಯಾದಗಿರಿ
15 ಆಗಸ್ಟ್ 1956

ತಂಗಿ ಮೋನಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಓದುವಾಗ ಕಿವಿಯೇ ಉರಿಯಿತು. ರಜೆ ಇಲ್ಲ. ಇಲ್ಲಿ ನನ್ನನ್ನು ಬಿಟ್ಟರೆ ಕೆಲಸ ನಡೆಯುವುದಿಲ್ಲ. ನಾನು ಬರಬೇಕಾದಂಥ ದೊಡ್ಡ ಕೆಲಸವೂ ಅದಲ್ಲ. ನಾನು ಹೇಳಿದ ಹಾಗೆ ನಿನ್ನ ಗಂಡ ಹಣಮಂತ್ರಾಯ ಮಾಡಲಿ. ಅಳಿಯ ಅನ್ನಿಸಿಕೊಂಡು ನಮ್ಮ ಮನೆಯಲ್ಲಿ ಹೋಳಿಗೆ ತಿಂದದ್ದಕ್ಕೆ ಇಷ್ಟಾದರೂ ಮಾಡಲಿ.

ನೀರು ಬಿಡದ ಹೊತ್ತಿನಲ್ಲಿ ನಿಂತ ಪೈಪನ್ನು ತಿರುಗಿಸಿ ಬಿಚ್ಚಬೇಕು. ತುದಿಯಲ್ಲಿ ಬಳೆ ಬಳೆಯಾಗಿ ಕೊರೆದ ಗೆರೆ ಇರುತ್ತದೆ, ಅದಕ್ಕೆ ಚೂಡಿ ಅನ್ನುತ್ತಾರೆ. ಚೂಡಿಗೆ ಪುಂಡಿಯ ನಾರು ಸುತ್ತಬೇಕು. ಆ ದರಿದ್ರ ಮಿಸ್ತ್ರಿ ನಾರನ್ನೇ ಸುತ್ತಿರಲಿಕ್ಕಿಲ್ಲ. ಬಲಕ್ಕೆ ಸುತ್ತಲಿ. ಅದರ ಮೇಲೆ ಸಿಂಧೂರ ಮೆತ್ತಬೇಕು. ಹೌದು, ಹಣಮಪ್ಪನಿಗೆ ಹಚ್ಚುವ ಕೆಂಪು ಸಿಂಧೂರವೇ. ಪೇಟೆಯಲ್ಲಿ ಸಿಗುತ್ತದೆ. ಅಗಸಿ ಎಣ್ಣೆಯಲ್ಲಿ ಗಟ್ಟಿ ಚಟ್ನಿಯ ಹಾಗೆ ಕಲಸಿಕೊಳ್ಳಲಿ. ನಮ್ಮ ಫಿಟರ್ ಸಾಹೇಬರು ಇಂಜಿನ್ ನಳಕ್ಕೂ ಅದನ್ನೇ ಮೆತ್ತುತ್ತಾರೆ, ಒಣಗಿದರೆ ಕಲ್ಲು. ಆದರೆ ಅದು ವಿಷ. ಪೈಪಿನ ಒಳಗೆ ಇಳಿಯಬಾರದು, ಕೈ ತೊಳೆಯದೆ ಊಟಕ್ಕೆ ಕೂಡಬಾರದು.

ಆಮೇಲೆ ಪೈಪನ್ನು ಕಚ್ಚಿ ಹಿಡಿದು ತಿರುಗಿಸುವ ಪಾನಾ ಹಾಕಿ ಬಿಗಿ ಮಾಡಿದರೆ ಮುಗಿಯಿತು. ಇಷ್ಟಕ್ಕೆ ಅಳುವುದೇಕೆ?

ನಿನ್ನ ಅಣ್ಣ
ಅಂಬ್ರಪ್ಪ

---

ಸುರಪುರ
28 ಆಗಸ್ಟ್ 1956

ಅಣ್ಣನಿಗೆ,

ಇಷ್ಟಕ್ಕೆ ಅಳುವುದೇಕೆ ಅಂದೆಯಲ್ಲ, ಹೇಳುತ್ತೇನೆ ಕೇಳು.

ಪಾನಾ ಹಾಕಿ ಅಂದೆ. ಯಾರ ಪಾನಾ? ನಮ್ಮ ಕೇರಿಯಲ್ಲಿ ಕುಡುಗೋಲಿದೆ, ಕೊಡಲಿಯಿದೆ, ಪಾನಾ ಎಲ್ಲಿಂದ ಬರಬೇಕು? ಕಡೆಗೆ ಕೊಟ್ಟವಳು ಚಮನಬೀ. ಗಂಡ ತೀರಿದ ಮೇಲೆ ಅವಳೇ ಸೈಕಲ್ ಅಂಗಡಿ ನಡೆಸುತ್ತಾಳೆ. "ಒಯ್ಯವ್ವ, ಖರೆ ಇದರ ಹಲ್ಲು ಮುರಿಸಿ ತಂದ್ರ ನಿನ್ನ ಹಲ್ಲ ಇಸಗೋತೀನಿ" ಎಂದು ನಕ್ಕು, ಅಂಗಡಿಯಲ್ಲಿದ್ದ ದೊಡ್ಡದನ್ನೇ ಕೊಟ್ಟಳು.

ನಿನ್ನ ಮಾತಿನಂತೆ ನಮ್ಮ ಮನೆಯವರು ಎಲ್ಲ ಮಾಡಿದರು. ಬಲಕ್ಕೆ ಸುತ್ತಿದರು. ಪೈಪು ತಿರುಗಿಸುತ್ತ ಹೋದಂತೆ ನಾರೆಲ್ಲ ಬಿಚ್ಚಿಕೊಂಡು ನೆಲದ ಪೈಪಿನ ಬಾಯಿಗಿರುವ ಸಾಕೆಟ್ಟಿನ ಹೊರಗೆ ಜೋಗಿಯ ಗಡ್ಡದ ಹಾಗೆ ಇಳಿಬಿತ್ತು. ಮರುದಿನ ನೀರು ಬಿಟ್ಟಾಗ ಮೊದಲು ಒಂದು ಕಡೆ ಚಿಮ್ಮುತ್ತಿದ್ದದ್ದು ಈಗ ಸುತ್ತಲೂ ಚಿಮ್ಮಿತು. ಅದೂ ಕೆಂಪಗೆ. ಹೆಂಗಸರು ಹೆದರಿ ಕೊಡ ಬಿಟ್ಟು ಓಡಿದರು.

ಬಲಕ್ಕೆ ಅಂದರೆ ಯಾವ ಬಲಕ್ಕೆ? ಪೈಪಿನ ತಲೆಯ ಕಡೆಯಿಂದ ನೋಡಿದರೆ ಒಂದು ಬಲ, ಬುಡದ ಕಡೆಯಿಂದ ನೋಡಿದರೆ ಇನ್ನೊಂದು ಬಲ. ಶಾಲೆಯಲ್ಲಿ ಮಕ್ಕಳಿಗೆ ಹೀಗೆ ಅರ್ಧಂಬರ್ಧ ಪಾಠ ಹೇಳಿದ್ದರೆ ನನ್ನನ್ನು ಎಂದೋ ಮನೆಗೆ ಕಳಿಸುತ್ತಿದ್ದರು.

ಬಾವಿಯ ಹತ್ತಿರ ನಿನ್ನೆ ಬಹಳ ಹೊತ್ತು ನಿಂತೆ. ಯಾರೂ ಸುರಿಯಲಿಲ್ಲ. ಈಗ ಗುಡ್ಡದ ಕೆಳಗಿನ ಹೊಂಡದಿಂದ ತರುತ್ತಿದ್ದೇವೆ. ಎಮ್ಮೆ ಮೈತೊಳೆಯುವ ನೀರು ಅದು.

ಮೋನಮ್ಮ

---

ಯಾದಗಿರಿ
6 ಸೆಪ್ಟೆಂಬರ್ 1956

ಮೋನಮ್ಮ,

ತಪ್ಪು ಹಣಮಂತ್ರಾಯನದು, ಬೈಗುಳ ನನಗೆ. ಆ ಕೋಣನಿಗೆ ಕೂರಿಸಿ ಓದಿ ಹೇಳು. ಈ ಸಲ ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿ, ಕೇಳಿ ತಿಳಿದು ಬರೆಯುತ್ತಿದ್ದೇನೆ.

ಬಿಚ್ಚಿದ ಪೈಪನ್ನು ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿ, ಚೂಡಿಯ ತುದಿ ತನ್ನ ಮುಖದ ಕಡೆ ಬರುವ ಹಾಗೆ ಹಿಡಿಯಬೇಕು. ಆಗ ಗಡಿಯಾರದ ಮುಳ್ಳು ಹೋಗುವ ಕಡೆ ಸುತ್ತಬೇಕು. ಹೀಗೆ ಸುತ್ತಿದರೆ ಪೈಪು ತಿರುಗಿದಷ್ಟೂ ನಾರು ಬಿಗಿಯುತ್ತದೆ. ಚೂಡಿ ನುಣ್ಣಗಿದ್ದರೆ ನಾರು ಜಾರುತ್ತದೆ, ಗರಗಸದ ಅಲಗಿನಿಂದ ಗೆರೆಗಳನ್ನು ಒರಟು ಮಾಡಿಕೊಳ್ಳಲಿ. ನಾರನ್ನು ಹಣಿಗೆಯಿಂದ ಬಾಚಬೇಕು, ಗಂಟು ಇದ್ದರೆ ಗಂಟಿನ ಪಕ್ಕದಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ತೀರ ತುದಿಯ ಚೂಡಿಯನ್ನು ಬರಿದಾಗಿ ಬಿಡಬೇಕು, ಇಲ್ಲದಿದ್ದರೆ ಸಾಕೆಟ್ ಬಾಯಿ ಹಿಡಿಯುವುದಿಲ್ಲ.

ಪಾನಾ ಒಂದಲ್ಲ, ಎರಡು ಬೇಕು. ಒಂದರಿಂದ ನೆಲದ ಪೈಪನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ತಿರುಗಿಸಬೇಕು. ಒಂದರಲ್ಲೇ ಮಾಡಿದರೆ ಮೇಲೆ ಬಿಗಿಯಾಗುತ್ತ ನೆಲದೊಳಗೆ ಸಡಿಲಾಗುತ್ತದೆ. ಬಿಗಿ ಮಾಡಿದ ಮೇಲೆ ನಳದ ಬಾಯಿ ಸೊಟ್ಟಗೆ ನಿಂತಿತೆಂದು ಹಿಂದಕ್ಕೆ ತಿರುಗಿಸಬಾರದು. ಮುಂದಕ್ಕೇ ತಿರುಗಿಸಿ ನೇರ ಮಾಡಬೇಕು. ಹಿಂದಕ್ಕೆ ಹೋದರೆ ನಾರು ಸತ್ತಿತು, ಮತ್ತೆ ಮೊದಲಿನಿಂದ ಮಾಡಬೇಕು. ಮರುದಿನ ನೀರು ಬಿಟ್ಟಾಗ ಸಂದಿಯ ಸುತ್ತ ಒಲೆಯ ಬೂದಿ ಉದುರಿಸಿ ನೋಡಲಿ. ಬೂದಿ ಒದ್ದೆಯಾದ ಕಡೆ ಸೋರಿಕೆ, ಕಣ್ಣಿಗೆ ಕಾಣದಿದ್ದರೂ ಬೂದಿಗೆ ಕಾಣುತ್ತದೆ.

ಬರಲು ಆಗುವುದಿಲ್ಲ. ಪದೇ ಪದೇ ಕೇಳಬೇಡ.

ಅಂಬ್ರಪ್ಪ

---

ಸುರಪುರ
24 ಸೆಪ್ಟೆಂಬರ್ 1956

ಅಣ್ಣನಿಗೆ,

ಸಂದಿ ನಿಂತಿತು! ಬೂದಿ ಉದುರಿಸಿದೆವು, ಉದುರಿಸಿದಂತೆಯೇ ಒಣಗಿತ್ತು. ಒಂದೇ ಬೆಳಿಗ್ಗೆ ನಾವು ಮನುಷ್ಯರಂತೆ ನೀರು ಹಿಡಿದೆವು. ಆ ಬೆಳಿಗ್ಗೆಯ ಸಂತೋಷ ಮರುದಿನಕ್ಕೇ ಮುಗಿಯಿತು.

ಮೊದಲ ಸಲದ ಸಿಂಧೂರ ಚೆಲ್ಲಾಪಿಲ್ಲಿಯಾಗಿ ನಿಂತ ಪೈಪಿಗೆಲ್ಲ ಮೆತ್ತಿಕೊಂಡಿತ್ತು. ಹೊಲಸಾಗಿ ಕಾಣುತ್ತದೆಂದು ನಾನೇ ಉಳಿದ ಎಣ್ಣೆ ಸಿಂಧೂರವನ್ನು ಮೇಲಿನ ತನಕ ಒಂದೇ ಸಮ ಸವರಿದ್ದೆ. ಶನಿವಾರ ಬೆಳಿಗ್ಗೆ ಕೇರಿಯ ಹಿರಿಯಳು ಕರೆಮ್ಮ ಎದ್ದು ಬಂದು ನೋಡುತ್ತಾಳೆ, ಬಿಸಿಲಿನಲ್ಲಿ ನಳ ಕೆಂಪಗೆ ಮಿಂಚುತ್ತ ನಿಂತಿದೆ. ಅಲ್ಲಿಯೇ ಕೈಮುಗಿದು ಕೂತುಬಿಟ್ಟಳು. "ಗುಡ್ಯಾಗ ನಮ್ಮನ್ನ ಬಿಡಲಿಲ್ಲ. ಹಣಮಪ್ಪ ತಾನ ನಮ್ಮ ಕೇರಿಗಿ ಬಂದಾನ ನೋಡ್ರೇ" ಎಂದಳು. ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಈಗ ನಳದ ಕೊರಳಿಗೆ ಎಕ್ಕೆಯ ಹೂವಿನ ಮಾಲೆಯಿದೆ. ಕಾಯಿ ಒಡೆಯುತ್ತಾರೆ. ಬಾಯಿಯಿಂದ ನೀರು ಹನಿ ಹನಿ ಸೋರುತ್ತದೆ, ತಿರುಗಿಸಿ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಅದನ್ನು ತೀರ್ಥವೆಂದು ಅಂಗೈಯಲ್ಲಿ ಹಿಡಿಯುತ್ತಾರೆ! ದಾರೋಗಾನ ಕಣ್ಣಿಗೆ ಅದು ಸೋರುವ ನಳವೇ. ರಿಪೇರಿ ಮಾಡೋಣವೆಂದು ಪಾನಾ ತಂದರೆ ಕರೆಮ್ಮ ಅಡ್ಡ ನಿಂತಳು. "ದೇವರ ಕುತ್ತಿಗಿಗಿ ಇಕ್ಕಳ ಹಾಕ್ತೀಯೇನ?" ಎಂದು ಕೇಳಿದಳು. ಚಮನಬೀಗೆ ಹೇಳಿದೆ. ಪಾಪ, ಅವಳಿಗೆ ನಗುವುದೋ ಹೆದರುವುದೋ ತಿಳಿಯಲಿಲ್ಲ.

ನಿನಗೆ ಉಪಾಯ ತೋಚಿದರೆ ಬೇಗ ಬರೆ.

ಮೋನಮ್ಮ

---

ಯಾದಗಿರಿ
1 ಅಕ್ಟೋಬರ್ 1956

ಮೋನಮ್ಮ,

ನಿನ್ನ ಕಾಗದ ಓದಿ ಹೊಟ್ಟೆ ಹಿಡಿದು ನಕ್ಕೆ. ಹುಚ್ಚಿ, ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ದೇವರಾದ ನಳವನ್ನು ಯಾವ ದಾರೋಗಾ ಕೀಳುತ್ತಾನೆ? ಕಿತ್ತರೆ ಕೈ ಸೇದಿಹೋದೀತೆಂದು ಅವನೇ ನಡುಗುತ್ತಾನೆ. ಬಾಯಿ ಹನಿಕಿದರೆ ಹನಿಕಲಿ. ನವೆಂಬರ್ ಒಂದು ದಾಟುವ ತನಕ ಹಣಮಪ್ಪನೇ ನಿಮ್ಮ ನಳ ಕಾಯಲಿ. ನೀನೂ ಒಂದು ಕಾಯಿ ಒಡೆ, ನನ್ನ ಹೆಸರಿನಲ್ಲಿ ಒಂದು.

ಹಣಮಂತ್ರಾಯ ಸಂದಿ ನಿಲ್ಲಿಸಿದನೆಂದು ಓದಿ ಆಶ್ಚರ್ಯವಾಯಿತು. ಅವನ ಕೈಯಲ್ಲಿ ಅಷ್ಟು ಕಸುಬಿದೆ ಎಂದು ಅಂದುಕೊಂಡಿರಲಿಲ್ಲ. ಭೇಷ್ ಅಂದೆನೆಂದು ಹೇಳು.

ಅಂಬ್ರಪ್ಪ

---

ಸುರಪುರ
13 ಅಕ್ಟೋಬರ್ 1956

ಅಣ್ಣ,

ನಕ್ಕೆಯಾ? ನಗು. ದೂರದಲ್ಲಿರುವವರಿಗೆ ನಗುವುದು ಸುಲಭ.

ದೇವರಾದ ಮೇಲೆ ನಳಕ್ಕೆ ಮಡಿ ಬಂದಿದೆ. ಮುಟ್ಟಾದವರು ಬರುವಂತಿಲ್ಲ. ಸೂತಕದ ಮನೆಯವರು ಬರುವಂತಿಲ್ಲ. ಬಾಣಂತಿ ತಿಂಗಳು ತುಂಬುವ ತನಕ ಆ ಕಡೆ ಹಾಯುವಂತಿಲ್ಲ. ಅವರು ದೂರ ಕೊಡ ಇಟ್ಟು ನಿಲ್ಲಬೇಕು, ಮಡಿಯಾದವರು ಮೇಲಿನಿಂದ ಸುರಿಯಬೇಕು. ಎಲ್ಲಿಯೋ ನೋಡಿದ ಹಾಗಿದೆಯಲ್ಲವೇ? ಊರ ಬಾವಿಯನ್ನು ನಾವು ನಮ್ಮ ಕೈಯಾರೆ ಕೇರಿಯೊಳಗೆ ತಂದುಕೊಂಡೆವು. ಇದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಪಕ್ಕದ ಮನೆಯ ಮರಿಲಿಂಗಮ್ಮ ಹೋದ ವಾರ ಹಡೆದಳು. ಗಂಡ ಕೆಲಸಕ್ಕೆ ದೂರ ಹೋಗಿದ್ದಾನೆ, ಮನೆಯಲ್ಲಿ ಇನ್ನೊಂದು ಹೆಣ್ಣುಜೀವವಿಲ್ಲ. ನಾನು ಶಾಲೆಯಲ್ಲಿದ್ದಾಗ ನಳದ ಹತ್ತಿರ ಕೊಡ ಇಟ್ಟು ನಿಂತಿದ್ದಾಳೆ. ಅವರವರ ಅವಸರದಲ್ಲಿ ಯಾರೂ ಸುರಿಯಲಿಲ್ಲ. ಆ ಹಸಿಮೈಯಲ್ಲಿ ಹೊಂಡಕ್ಕೆ ನಡೆದಿದ್ದಾಳೆ. ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಕೂತಿದ್ದಳು, ಕೊಡ ಒಡೆದು ಬಿದ್ದಿತ್ತು, ಸೀರೆಯೆಲ್ಲ ರಕ್ತ. ನಾನು ಶಾಲೆಯಿಂದ ಬರುವಾಗ ಕಂಡು, ಮೈಮೇಲೆ ಒರಗಿಸಿಕೊಂಡು ಕರೆತಂದೆ. "ನೀರಿಲ್ಲಕ್ಕ, ಕೂಸಿನ ಬಟ್ಟಿ ಒಗೀಬೇಕಿತ್ತು" ಎಂದಳು, ಅಷ್ಟೇ. ಅವಳ ಮನೆಗೆ ನಾನೇ ನೀರು ಹಾಕುತ್ತಿದ್ದೇನೆ. ಮುಂದಿನ ಬಾಣಂತಿಗೆ ಯಾರು?

ದಾರೋಗಾನಿಗೂ ನಿನ್ನ ಹಣಮಪ್ಪನ ಹೆದರಿಕೆಯಿಲ್ಲ. ನಳ ನೋಡಿ, "ಹನಿಕಿದ್ರ ಸೋರಿಕೆನ. ದೇವರನ್ನ ನೀವ ಇಟಗೋರಿ, ಪೈಪು ಸರ್ಕಾರದ್ದು" ಎಂದು ಹೋದ. ಈ ತಿಂಗಳ ಕೊನೆಯ ದಿನ ಬರುತ್ತಾನೆ.

ಇನ್ನೊಂದು ಮಾತು. ಸಂದಿ ನಿಲ್ಲಿಸಿದವಳು ನಾನು. ಮೊದಲ ಸಲ ನಾರಿಗೆ ಜೋಗಿಯ ಗಡ್ಡ ಬಿಡಿಸಿದವಳೂ ನಾನೇ. ನಮ್ಮ ಮನೆಯವರು ಎರಡನೆಯ ಪಾನಾ ಹಿಡಿದು ನಿಂತಿದ್ದರು, ಅದೂ ಬೀಡಿ ಸೇದುತ್ತ. ನೀನು ಕೋಣ ಅಂದದ್ದು ನನಗೆ. ಹೆಂಗಸು ಮಾಡುತ್ತಾಳೆಂದರೆ ನೀನು ಹೇಳಿಕೊಡುತ್ತಿರಲಿಲ್ಲ, ಅದಕ್ಕೆ ಬರೆಯಲಿಲ್ಲ.

ನಳದ ಬಾಯಿ ಏಕೆ ನಿಲ್ಲುವುದಿಲ್ಲ, ಅದನ್ನಷ್ಟು ತಿಳಿಸು. ಬಾ ಎಂದು ಇನ್ನು ಕರೆಯುವುದಿಲ್ಲ. ಚಮನಬೀಯ ತಮ್ಮ ನಿಮ್ಮ ಸ್ಟೇಷನ್ನಿನಲ್ಲಿ ಚಹಾ ಮಾರುತ್ತಾನೆ. ಅವನು ಮೊನ್ನೆ ಬಂದಿದ್ದ. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮೋನಮ್ಮ

---

ಯಾದಗಿರಿ
21 ಅಕ್ಟೋಬರ್ 1956

ತಂಗಿ ಮೋನಮ್ಮ,

ನಕ್ಕದ್ದಕ್ಕೆ ನನಗೇ ನಾಚಿಕೆಯಾಗಿದೆ. ಮರಿಲಿಂಗಮ್ಮ ಹೇಗಿದ್ದಾಳೆ?

ಚಹಾದವನು ಏನು ಹೇಳಿರುತ್ತಾನೆಂದು ಗೊತ್ತು. ಹೌದು, ನಾನು ಫಿಟರ್ ಅಲ್ಲ, ಖಲಾಸಿ. ಫಿಟರ್ ಸಾಹೇಬರ ಹಿಂದೆ ಸಾಮಾನಿನ ಚೀಲ ಹೊರುತ್ತೇನೆ. ಕೇಳಿದ ಪಾನಾ ತೆಗೆದುಕೊಡುತ್ತೇನೆ, ನಾನು ಮುಟ್ಟಿ ತಿರುಗಿಸಿದ್ದು ಇಲ್ಲ, ತಿರುಗಿಸಲು ಬಿಟ್ಟಿಲ್ಲ. ನಿನಗೆ ಬರೆದದ್ದೆಲ್ಲ ನೋಡಿದ್ದು, ಇಲ್ಲವೇ ಅವರನ್ನು ಕಾಡಿ ಕೇಳಿದ್ದು. ನಾನು ಬಂದು, ಕೇರಿಯೆಲ್ಲ ಸುತ್ತ ನಿಂತು ನೋಡುವಾಗ ನಾನು ಕೂಡಿಸಿದ ಸಂದಿ ಸೋರಿದರೆ? ಆ ಹೆದರಿಕೆಗೆ ರಜೆಯ ಅರ್ಜಿಯನ್ನೇ ಕೊಡಲಿಲ್ಲ. ನೀನು ಎರಡು ಸಲ ಸಂದಿ ಕೂಡಿಸಿದ್ದೀಯ, ನಾನು ಒಂದನ್ನೂ ಕೂಡಿಸಿಲ್ಲ.

ನಳದ ಬಾಯಿಗೆ ಒಳಗಿನ ವಾಸರ್ ಹೋಗಿದೆ. ಮೇಲಿನ ತಲೆ ಬಿಚ್ಚಿದರೆ ತಳದಲ್ಲಿ ಬಿಲ್ಲೆಯಂಥ ಒಂದು ತುಂಡು, ಅದೇ ನೀರನ್ನು ತಡೆಯುವುದು. ಹೊಸದು ಅಲ್ಲಿ ಸಿಗುವುದಿಲ್ಲ. ದಪ್ಪ ತೊಗಲನ್ನು ಅದರ ಅಳತೆಗೆ ದುಂಡಗೆ ಕೊಯ್ದು, ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ ಹಾಕು. ತೊಗಲಿನ ನುಣುಪಾದ ಮೈ ಕೆಳಗೆ ಬರಬೇಕು. ಬಂದ್ ಮಾಡುವಾಗ ಜೋರು ಮಾಡಿ ತಿರುಗಿಸಬೇಡಿರೆಂದು ಹೆಂಗಸರಿಗೆ ಹೇಳು, ಹನಿಕಿದಷ್ಟೂ ಜೋರು ಮಾಡುತ್ತಾರೆ, ಜೋರು ಮಾಡಿದಷ್ಟೂ ತೊಗಲು ಹರಿಯುತ್ತದೆ.

ಫಿಟರ್ ಸಾಹೇಬರಿಗೆ ವರ್ಗವಾಗಿದೆ. ಹೊಸಬರು ಬರುವ ತನಕ ಸಣ್ಣ ಕೆಲಸಗಳನ್ನು ನಾನೇ ಮಾಡಬೇಕಂತೆ. ಬರುವ ತಿಂಗಳ ಹತ್ತನೇ ತಾರೀಖು ಕ್ವಾರ್ಟರ್ಸಿನ ಪೈಪು ಕೂಡಿಸಬೇಕು. ಬಿಗಿ ಸಾಕಾಯಿತೆಂದು ಕೈಗೆ ಹೇಗೆ ಗೊತ್ತಾಗುತ್ತದೆ? ನನಗೆ ಗೊತ್ತಿಲ್ಲ, ನೀನು ಬರೆ.

ಅಂಬ್ರಪ್ಪ

---

ಸುರಪುರ
2 ನವೆಂಬರ್ 1956

ಅಣ್ಣನಿಗೆ,

ಮೊದಲು ನಿನ್ನ ಕೆಲಸ. ಪೈಪು ಕೈಯಿಂದಲೇ ಹೋದಷ್ಟು ಹೋಗಲಿ, ಆಮೇಲೆ ಪಾನಾ ಹಾಕು. ಮೊದಮೊದಲು ಸುಮ್ಮನೆ ತಿರುಗುತ್ತದೆ. ಬರಬರುತ್ತ ನಾರು ಒಳಗೆ ಕಿರ್ ಎನ್ನುವುದು ಅಂಗೈಗೆ ತಿಳಿಯುತ್ತದೆ. ಅಲ್ಲಿಂದ ಇನ್ನು ಸ್ವಲ್ಪವೇ. ಶಕ್ತಿ ಸಾಲದಿದ್ದರೆ ಪಾನಾದ ಹಿಡಿಗೆ ಹಳೆಯ ಪೈಪಿನ ತುಂಡು ತೊಡಿಸಿ ಉದ್ದ ಮಾಡಿಕೋ, ನಾನು ಹಾಗೆಯೇ ಮಾಡಿದೆ. ಕಂಡವರು ನಕ್ಕರೆ ನಗಲಿ. ಖಲಾಸಿ ಎಂದು ನನಗೆ ಹೇಳಲು ಇಷ್ಟು ದಿನ ಬೇಕಾಯಿತಲ್ಲ ನಿನಗೆ, ಅದಕ್ಕೆ ಮಾತ್ರ ಸಿಟ್ಟಿದೆ.

ಇನ್ನು ನಮ್ಮದು. ಬುಧವಾರ ದೀಪಾವಳಿಯ ನೀರು ತುಂಬುವ ದಿನ. ದಾರೋಗಾ ಬರುವ ದಿನವೂ ಅದೇ. ಅಣ್ಣನಿಗೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ. ಅಂದು ಬೆಳಿಗ್ಗೆಯೇ ನಾನು ಮುಟ್ಟಾದೆ. ಒಂದು ಗಳಿಗೆ, ಯಾರಿಗೂ ಹೇಳದೆ ಕೆಲಸ ಮುಗಿಸಿಬಿಡಲೇ ಅನ್ನಿಸಿತು. ಮರಿಲಿಂಗಮ್ಮನ ಸೀರೆ ನೆನಪಾಯಿತು, ಮನಸ್ಸು ಬದಲಿಸಿದೆ.

ಬೆಳಗಿನ ನೀರು ನಿಂತ ಮೇಲೆ ಪಾನಾ, ಸೀಮೆಎಣ್ಣೆ, ಚಿಂದಿ ಬಟ್ಟೆ ಹಿಡಿದು ಹೋದೆ. ಮಾಲೆ ತೆಗೆದು ಕರೆಮ್ಮನ ಕೈಗೆ ಕೊಟ್ಟೆ. "ಅಕ್ಕಗೋಳ್ರೆ ಕೇಳ್ರಿ. ನಾ ಇವತ್ತ ಕಡೀಗಿ ಆಗೀನಿ" ಎಂದೆ. ಎಲ್ಲರೂ ಹಿಂದೆ ಸರಿದರು. ಕರೆಮ್ಮ ಮಾತ್ರ ಸರಿಯಲಿಲ್ಲ. "ಹಣಮಪ್ಪ ಸಿಟ್ಟಾದ್ರ ಏನ್ ಮಾಡ್ತೀ?" ಎಂದಳು. "ನೀರು ನಿಲ್ಲಸ್ತಾನ. ಅವತ್ತ ಬಾವೀ ಮ್ಯಾಲಿನವರು ನಿಲ್ಲಿಸ್ಯಾರ, ಇವತ್ತ ಅಂವ ನಿಲ್ಲಸ್ತಾನ. ನೋಡೋಣಲ್ಲ" ಎಂದೆ.

ನಳದ ತಲೆ ಬಿಚ್ಚಿ ಹೊಸ ತೊಗಲು ಹಾಕಿದೆ. "ಇದು ನನ್ನ ಹಳೀ ಚಪ್ಪಲಿ ಕೊಯ್ದು ಮಾಡಿದ್ದು" ಎಂದು ಅದನ್ನೂ ಎಲ್ಲರಿಗೂ ಎತ್ತಿ ತೋರಿಸಿದೆ. ಪೈಪಿನ ಮೈಮೇಲಿನ ಕೆಂಪನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಒಳಗಿನ ಕಬ್ಬಿಣ ಕಂಡಿತು, ಗೀರು ಬಿದ್ದ ಮಾಮೂಲಿ ಪೈಪು. ಕರೆಮ್ಮ ಅದನ್ನೇ ನೋಡುತ್ತ ಕೂತಿದ್ದಳು. ಅವಳ ಮುಖ ನೋಡಲು ನನಗಾಗಲಿಲ್ಲ. ದೇವರು ಹೋದನೆಂದು ಅವಳಿಗೆ ದುಃಖವಾಗಿತ್ತು, ಅದು ನನಗೂ ತಟ್ಟಿತು.

ಸಂಜೆ ದಾರೋಗಾ ಬಂದು ನೀರು ಬಿಡಿಸಿದ. ತಿರುಗಿಸಿದ, ಬಂತು. ಬಂದ್ ಮಾಡಿದ, ನಿಂತಿತು. ಕೆಳಗೆ ಬೆರಳಿಟ್ಟು ಕಾದ. ಒಂದು ಹನಿಯೂ ಇಲ್ಲ. "ಚಾಲೂ" ಎಂದು ಹೇಳಿ ಮುಂದಿನ ಓಣಿಗೆ ಹೋದ. ನಮ್ಮ ನಳ ಮೈಸೂರಿಗೆ ಸೇರಿತು.

ಹೆಂಗಸರು ಮಾತ್ರ ಇನ್ನೂ ದೂರವೇ ನಿಂತಿದ್ದರು. ನಾನು ಮುಟ್ಟಿದ ನಳಕ್ಕೆ ಯಾರು ಮೊದಲು ಕೊಡ ಇಡುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಗ ಕರೆಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ನನ್ನ ಕಡೆ ತಿರುಗಲೂ ಇಲ್ಲ. ಮರಿಲಿಂಗಮ್ಮನ ಬಾಗಿಲಿಗೆ ಹೋಗಿ, "ಏಳವ್ವ, ಕೊಡಾ ತಗೊಂಡು ಬಾ. ಕೂಸಿನ್ನ ನಾ ಹಿಡಿತೀನಿ" ಎಂದಳು.

ಮರಿಲಿಂಗಮ್ಮ ಬಂದು ನಳವನ್ನು ತಾನೇ ತಿರುಗಿಸಿದಳು.

ನಿನ್ನ ತಂಗಿ
ಮೋನಮ್ಮ